ಚಕ್ ಕೀ ಎಲ್ಲಿದೆ?

ಕೈಪಂಪಿನ ಹಿಡಿ ಇನ್ನೊಮ್ಮೆ ಕೆಳಗಿಳಿಯಿತು. ಗೇಜಿನ ಮುಳ್ಳು 160 ದಾಟಿ ಮೇಲಕ್ಕೆ ಹೊರಟಿತು. ಬೆಂಚಿನ ಮೇಲೆ ಕೂತಿರುವುದು ಎರಡಡಿಗೆ ತುಸು ಕಡಿಮೆ ಉದ್ದದ ತಾಮ್ರದ ಬಾಯ್ಲರ್. ಬೆಳ್ಳಿ ಬೆಸುಗೆ ಹಾಕಿ, ಆಸಿಡ್ಡಿನಲ್ಲಿ ಅದ್ದಿ ತೆಗೆದಿದ್ದರಿಂದ ಮೈಯೆಲ್ಲ ಗುಲಾಬಿ ಬಣ್ಣ. ತೂತುಗಳಿಗೆಲ್ಲ ಹಿತ್ತಾಳೆಯ ಬಿರಡೆ ಬಿಗಿದಿದೆ. ಒಳಗೆ ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ತಣ್ಣೀರು ತುಂಬಿದೆ. ಉಗಿಬಂಡಿಗೆ ಜೋಡಿಸಿದ ಮೇಲೆ ಈ ಬಾಯ್ಲರ್ ಚದರ ಇಂಚಿಗೆ 90 ಪೌಂಡ್ ಒತ್ತಡದಲ್ಲಿ ದುಡಿಯಬೇಕು. ಹೊಸದಾದ್ದರಿಂದ ಮೊದಲ ಪರೀಕ್ಷೆ ಅದರ ಎರಡರಷ್ಟಕ್ಕೆ. ಮುಳ್ಳು 180ಕ್ಕೆ ಬಂದು ನಿಂತಿತು. ಪಂಪೂ ನಿಂತಿತು.

ಪರೀಕ್ಷಕರು ಎಪ್ಪತ್ತು ದಾಟಿದವರು. ಹಲ್ಲಿನ ಡಾಕ್ಟರ ಬಳಿ ಇರುವಂಥ ಪುಟ್ಟ ಕನ್ನಡಿಯನ್ನು ಒಂದು ಕೈಯಲ್ಲಿ, ಟಾರ್ಚನ್ನು ಇನ್ನೊಂದರಲ್ಲಿ ಹಿಡಿದು ಬೆಂಕಿಗೂಡಿನೊಳಗೆ ಇಣುಕಿದರು. ಬೆಂಕಿಗೂಡಿನ ಗೋಡೆಗೂ ಹೊರಗಿನ ತಗಡಿಗೂ ನಡುವೆ ಬೆರಳಗಲದ ಜಾಗ, ಅಲ್ಲಿ ನೀರು. ಎರಡು ತಗಡುಗಳೂ ಉಬ್ಬದಂತೆ ಸಾಲುಸಾಲಾಗಿ ತಾಮ್ರದ ಮೊಳೆಗಳು ಅವನ್ನು ಹಿಡಿದುಕೊಂಡಿವೆ. ಸ್ಟೇ ಅಂತ ಕರೆಯುವುದು ಇವನ್ನೇ. ಒಂದೊಂದು ಸ್ಟೇಯ ತಲೆಯ ಮೇಲೂ ಬೆಳಕು ಹರಿಯಿತು. ಮೂರನೇ ಸಾಲಿನ ಕೊನೆಯಲ್ಲಿ ಟಾರ್ಚು ನಿಂತಿತು. ಬಟ್ಟೆಯಿಂದ ಒರೆಸಿ, ಕಾದು, ಮತ್ತೆ ನೋಡಿದರು. ಸಾಸಿವೆ ಕಾಳಿಗಿಂತ ಸಣ್ಣ ಹನಿಯೊಂದು ಮತ್ತೆ ಅಲ್ಲೇ ಮೂಡಿತ್ತು.

“ಇಲ್ಲಿ ಜಿನುಗ್ತಾ ಇದೆ. ಇದಕ್ಕೆ ಇನ್ನೊಂದು ಸಲ ಬೆಸುಗೆ ಹಾಕ್ಕೊಂಡು ಬಾ. ಆಮೇಲೆ ಮೊದಲಿಂದ ನೋಡೋಣ.”

ಬಾಯ್ಲರ್ ಕಟ್ಟಿದವರು ಎರಡು ಹೆಜ್ಜೆ ಹಿಂದೆ ಕೈಕಟ್ಟಿ ನಿಂತಿದ್ದರು. ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದವರು. ಐದಾರು ಚಳಿಗಾಲದ ಸಂಜೆಗಳು ಈ ತಾಮ್ರದಲ್ಲಿವೆ. ಇಬ್ಬರೂ ಬಹಳ ವರ್ಷಗಳ ಗೆಳೆಯರು. ಆದರೂ ಒಂದು ಮಾತು ಜಗ್ಗಾಡಲಿಲ್ಲ. ಅಂಚೆಯವರು ತಲೆಯಾಡಿಸಿ ಬಿರಡೆ ಬಿಚ್ಚತೊಡಗಿದರು. ಪರೀಕ್ಷಕರು ದಾಖಲೆ ಪುಸ್ತಕದಲ್ಲಿ ತಾರೀಖು ಹಾಕಿ, ಜಿನುಗಿದ ಸ್ಟೇಯ ಜಾಗ ಬರೆದು ಸಹಿ ಮಾಡಿದರು. ತನ್ನ ಬಾಯ್ಲರನ್ನು ತಾನೇ ಪಾಸು ಮಾಡುವಂತಿಲ್ಲ ಎಂಬುದು ಇಲ್ಲಿನ ಕಟ್ಟುನಿಟ್ಟು. ಈ ಪರೀಕ್ಷಕರ ಸ್ವಂತ ಎಂಜಿನ್ನನ್ನೂ ಇನ್ನೊಬ್ಬರು ಇದೇ ಕನ್ನಡಿ ಹಿಡಿದು ನೋಡುತ್ತಾರೆ.

ಇದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಊರೊಂದರ ಮಾಡೆಲ್ ಎಂಜಿನಿಯರಿಂಗ್ ಸಂಘ. ಊರ ಉದ್ಯಾನದ ಮೂಲೆಯಲ್ಲಿ ಇಟ್ಟಿಗೆಯ ಷೆಡ್ಡು, ಅದರ ಸುತ್ತ ಬಳಸಿ ಹೋಗುವ ಪುಟ್ಟ ರೈಲು ಹಳಿ, ಷೆಡ್ಡಿನ ಹಿಂಬದಿಗೆ ವರ್ಕ್‌ಷಾಪು. ಕೆಲಸದ ಮೇಲೆ ಈ ದೇಶಕ್ಕೆ ಬಂದ ನಾನು ಮೊದಲು ಟಿಕೆಟ್ ಕೊಂಡು ಕೂತವನು, ಆಮೇಲೆ ಸದಸ್ಯನಾದವನು. ಬ್ರಿಟನ್ನಿನಲ್ಲಿ ಇಂಥ ಸಂಘಗಳು ಊರೂರಿಗೆ ಇವೆ. 1898ರಲ್ಲಿ ಪರ್ಸಿವಲ್ ಮಾರ್ಷಲ್ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರುಮಾಡಿದರು. ಅದೇ ವರ್ಷ ಲಂಡನ್ನಿನಲ್ಲಿ ಹವ್ಯಾಸಿಗಳ ಮೊದಲ ದೊಡ್ಡ ಸಂಘವೂ ಹುಟ್ಟಿತು. 1920ರ ದಶಕದಲ್ಲಿ ಎಲ್‌ಬಿಎಸ್‌ಸಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕರ್ಲಿ ಲಾರೆನ್ಸ್, ಹಳಿಯ ಅಗಲ ಬರೀ ಎರಡೂವರೆ ಇಂಚಿದ್ದರೂ ಕಲ್ಲಿದ್ದಲು ಉರಿಸುವ ಪುಟ್ಟ ಎಂಜಿನ್ನು ಮನುಷ್ಯರನ್ನು ಎಳೆಯಬಲ್ಲದು ಎಂದು ಮಾಡಿ ತೋರಿಸಿದರು. ಅದನ್ನು ಕಟ್ಟುವುದು ಹೇಗೆಂದು, ಕಾರ್ಖಾನೆಯ ಮೆಟ್ಟಿಲು ಹತ್ತದವರಿಗೂ ತಿಳಿಯುವ ಹಾಗೆ ವಾರವಾರ ಬರೆದರು. ಗುಮಾಸ್ತರು, ಮೇಷ್ಟರುಗಳು, ಬಸ್ ಡ್ರೈವರುಗಳು ಮನೆಯ ಹಿತ್ತಲಲ್ಲಿ ಲೋಹ ಕಡೆಯುವ ಲೇತ್ ಇಟ್ಟುಕೊಂಡು ಉಗಿಬಂಡಿ ಕಟ್ಟುವ ಪರಂಪರೆ ಹೀಗೆ ಬೆಳೆಯಿತು. ಬಾಗಿಲು ತೆರೆದಿಟ್ಟಿದ್ದೇ ಈ ಹವ್ಯಾಸದ ಪ್ರಾಣ. ಆ ಬಾಗಿಲಿನೊಳಗೆ ಇರುವುದು ಬೆಂಕಿ, ಹಬೆ, ತಿರುಗುವ ಉಕ್ಕು.

ತಣ್ಣೀರಲ್ಲಿ ಪರೀಕ್ಷೆ ಯಾಕೆ ಎಂದು ನೋಡಲು ಬಂದವರೆಲ್ಲ ಕೇಳುತ್ತಾರೆ. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಹಾಗಾಗಿ ಅದರೊಳಗೆ ಶಕ್ತಿಯೂ ಕೂಡಿಕೊಳ್ಳುವುದಿಲ್ಲ. ಬೆಸುಗೆ ಬಿಟ್ಟರೆ ಒಂದಿಷ್ಟು ನೀರು ಚಿಮ್ಮಿ ಮುಳ್ಳು ಬೀಳುತ್ತದೆ, ಅಷ್ಟೆ. ಅದೇ ಬಾಯ್ಲರಿಗೆ ಬೆಂಕಿ ಹಾಕಿ 90 ಪೌಂಡಿಗೆ ತಂದರೆ ಒಳಗಿನ ನೀರು 160 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆಗ ತಗಡು ಹರಿದರೆ, ಒತ್ತಡ ಇಳಿದ ಕ್ಷಣವೇ ಆ ನೀರಿನ ಒಂದು ಪಾಲು ಹಬೆಯಾಗಿ ಸಿಡಿಯುತ್ತದೆ. ನೀರು ಹಬೆಯಾದಾಗ ಹಿಡಿಯುವ ಜಾಗ ಸುಮಾರು 1,600 ಪಟ್ಟು. ನಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ವೆಯ್ಟ್ ಕಟ್ಟಿಕೊಂಡರೆ ಕರಗಿ ದಾರಿಬಿಡುವ ಸೇಫ್ಟಿ ವಾಲ್ವ್ ಇರುತ್ತದಲ್ಲ, ಅದರ ಹಿಂದಿರುವುದೂ ಇದೇ ಭಯ. ಕುಕ್ಕರಿನ ಒತ್ತಡ 15 ಪೌಂಡಿನ ಆಸುಪಾಸು. ಈ ಬಾಯ್ಲರಿನದು ಅದರ ಆರು ಪಟ್ಟು.

ಭಯಕ್ಕೆ ಕಾರಣವಿದೆ. 2001ರ ಜುಲೈಯಲ್ಲಿ ಅಮೆರಿಕದ ಒಹಾಯೊ ರಾಜ್ಯದ ಮೆಡೈನಾದಲ್ಲಿ, ಜಾತ್ರೆಯ ಮೈದಾನಕ್ಕೆ ಬಂದ 1918ರ ಕೇಸ್ ಕಂಪನಿಯ ಹಳೆಯ ಉಗಿ ಟ್ರ್ಯಾಕ್ಟರಿನ ಬಾಯ್ಲರ್ ಸಿಡಿದು ಐದು ಜನ ಸತ್ತರು. ಹವ್ಯಾಸದ ಪ್ರೀತಿಯಿಂದ ಸಾಕಿಕೊಂಡಿದ್ದ ಯಂತ್ರ ಅದು. ಒಹಾಯೊ ಆಮೇಲೆ ಹಳೆಯ ಬಾಯ್ಲರುಗಳಿಗೆ ತಪಾಸಣೆಯನ್ನೂ ಓಡಿಸುವವರಿಗೆ ಲೈಸೆನ್ಸನ್ನೂ ಕಡ್ಡಾಯ ಮಾಡಿತು. ಉಗಿಯಂತ್ರಗಳನ್ನು ಜಾತ್ರೆಯಿಂದ ಹೊರಗಟ್ಟಲಿಲ್ಲ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಈ ಕೊನೆಯ ಸಂಗತಿ. ಬ್ರಿಟನ್ನಿನಲ್ಲೂ ಹವ್ಯಾಸಿಗಳ ಒಕ್ಕೂಟಗಳು ಕೂಡಿ ಕೂತು ಬಾಯ್ಲರ್ ಪರೀಕ್ಷೆಯ ನಿಯಮಾವಳಿ ಮಾಡಿಕೊಂಡಿವೆ. 2018ರಲ್ಲಿ ಅದನ್ನು ಪರಿಷ್ಕರಿಸಿ ಅಚ್ಚು ಹಾಕಿದ ಪ್ರತಿ ನಮ್ಮ ಷೆಡ್ಡಿನ ಕಪಾಟಿನಲ್ಲಿ ಎಣ್ಣೆಯ ಬೆರಳಚ್ಚು ಹೊತ್ತು ಕೂತಿದೆ. ಓದಿದರೆ ಗೊತ್ತಾಗುತ್ತದೆ, ಬರೆದವರ ಕೈಗೂ ಮಸಿ ಅಂಟಿತ್ತು ಎಂದು.

ಭಾನುವಾರದ ಮಧ್ಯಾಹ್ನ ಈ ಜಾಗದ ರೂಪವೇ ಬೇರೆ. ಕಲ್ಲಿದ್ದಲಿನ ಹೊಗೆ, ಬಿಸಿ ಎಣ್ಣೆಯ ವಾಸನೆ, ಐಸ್‌ಕ್ರೀಮ್ ಗಾಡಿಯ ಗಂಟೆ. ತಳ್ಳುಗಾಡಿಯಲ್ಲಿ ಕೂಸು, ಹೆಗಲ ಮೇಲೆ ಮಗು, ಕೈಹಿಡಿದ ಅಜ್ಜ. ಸಾಲು ಗೇಟಿನಾಚೆಗೂ ಬೆಳೆದಿರುತ್ತದೆ. ಬೆಳಿಗ್ಗೆಯೇ ಒಂದು ಎಂಜಿನ್ನಿನ ಹಬೆ ಪರೀಕ್ಷೆ ಮುಗಿದಿರುತ್ತದೆ. ಅದು ನೋಡಬೇಕಾದ ಪರೀಕ್ಷೆ. ಬೆಂಕಿಯನ್ನು ಭರ್ತಿ ಮಾಡಿ, ಬೆಂಕಿಗೆ ಗಾಳಿ ಎಳೆಯುವ ಬ್ಲೋವರ್ ಪೂರ್ತಿ ತೆರೆದು, ಹಬೆಯನ್ನು ಬೇರೆಲ್ಲೂ ಖರ್ಚಾಗಲು ಬಿಡದೆ ಕಾಯುತ್ತಾರೆ. ಸೇಫ್ಟಿ ವಾಲ್ವುಗಳು ಒಮ್ಮೆಗೇ ಬುಸ್ಸೆಂದು ಎದ್ದು ಬಿಳಿ ಕಂಬ ಕಟ್ಟುತ್ತವೆ. ಎಷ್ಟು ಬೆಂಕಿ ಹಾಕಿದರೂ ಮುಳ್ಳು ನಿಗದಿಯ ಒತ್ತಡಕ್ಕಿಂತ ಹತ್ತು ಪರ್ಸೆಂಟ್ ಮೇಲೆ ಹೋಗಕೂಡದು. ಹೋದರೆ ಅಂದು ಆ ಎಂಜಿನ್ನು ಷೆಡ್ಡು ಬಿಡುವುದಿಲ್ಲ, ಸಾಲಿನಲ್ಲಿ ಎಷ್ಟು ಮಕ್ಕಳು ಕಾದಿದ್ದರೂ.

ಇಲ್ಲಿ ಎರಡು ಹಳಿಗಳಿವೆ. ಒಂದು ಮೊಣಕಾಲೆತ್ತರದ ಕಂಬಗಳ ಮೇಲೆ ಹೋಗುವ ಎತ್ತರದ ಹಳಿ. ಅದರ ಬಂಡಿಯ ಮೇಲೆ ಕುದುರೆ ಹತ್ತಿದ ಹಾಗೆ ಕಾಲು ಆಚೀಚೆ ಹಾಕಿ ಕೂರಬೇಕು. ಇನ್ನೊಂದು ಏಳೂಕಾಲು ಇಂಚು ಅಗಲದ ನೆಲದ ಹಳಿ. ಅಮ್ಮ ಒಂದು ಬೇಸಿಗೆಯಲ್ಲಿ ಮೈಸೂರಿನಿಂದ ಬಂದಿದ್ದಾಗ ಸೀರೆಯುಟ್ಟೇ ಸಾಲಿನಲ್ಲಿ ನಿಂತರು. ಎತ್ತರದ ಹಳಿಯ ಗಾರ್ಡು ಸೀರೆಯನ್ನೂ ಬಂಡಿಯ ಚಕ್ರವನ್ನೂ ಒಂದು ಗಳಿಗೆ ನೋಡಿದ. ಅವನ ನಿಯಮಗಳ ಪುಸ್ತಕದಲ್ಲಿ ಸಡಿಲ ಬಟ್ಟೆಯ ಮಾತಿತ್ತು, ಸೀರೆಯ ಮಾತಿರಲಿಲ್ಲ. ಆಗುವುದಿಲ್ಲ ಎಂದಿದ್ದರೆ ನಾವು ಸುಮ್ಮನೆ ಹಿಂದೆ ಸರಿಯುತ್ತಿದ್ದೆವು. ಅವನು ಬೇಲಿ ದಾಟಿ ಹೋಗಿ, ನೆಲದ ಹಳಿಯವರೊಡನೆ ಮಾತಾಡಿ, ಪಕ್ಕಕ್ಕೆ ಹಲಗೆ ಇರುವ, ಒಳಗೆ ಇಳಿದು ಕೂರುವ ಬಂಡಿಯೊಂದನ್ನು ಮುಂದಿನ ಗಾಡಿಗೆ ಹಾಕಿಸಿದ. ಸೆರಗನ್ನು ತೋರಿಸಿ ಸೊಂಟದ ಕಡೆ ಸನ್ನೆ ಮಾಡಿದ. ಅಮ್ಮನಿಗೆ ಇಂಗ್ಲಿಷ್ ಬೇಕಾಗಲಿಲ್ಲ. “ಹಿಟ್ಟಿನ ಗಿರಣೀಲಿ ಬೆಲ್ಟಿನ ಹತ್ರ ನಿಂತ್ಕೊಳ್ಳೋವಾಗ ಹೀಗೇ ಸಿಕ್ಕಿಸ್ಕೊಳ್ತಿದ್ವಲ್ಲೋ” ಎಂದು ಸೆರಗು ಬಿಗಿದು ಕೂತರು. ಉದ್ಯಾನಕ್ಕೆ ಎರಡು ಸುತ್ತು. ಇಳಿದ ಮೇಲೆ ಎಂಜಿನ್ನಿನ ಮುಂದೆ ಒಮ್ಮೆ ಕೈ ಮುಗಿದರು.

ಸುರಕ್ಷತೆ ಎಂದಾಗಲೆಲ್ಲ ನನಗೆ ಆ ಗಾರ್ಡಿನ ನಡೆ ನೆನಪಿಗೆ ಬರುತ್ತದೆ. ಅಪಾಯ ಎಲ್ಲಿದೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು: ಬಟ್ಟೆ ಮತ್ತು ಚಕ್ರ ಸೇರುವ ಒಂದು ಜಾಗದಲ್ಲಿ. ಅದೊಂದನ್ನು ತಪ್ಪಿಸಿದ, ಮನುಷ್ಯರನ್ನು ತಪ್ಪಿಸಲಿಲ್ಲ. ಅಪಾಯ ಎಲ್ಲಿದೆ ಎಂದು ಗೊತ್ತಿಲ್ಲದವರೇ ಇಡೀ ಬಾಗಿಲು ಮುಚ್ಚುವುದು.

ಗುರುವಾರ ಸಂಜೆ ಹಿಂಬದಿಯ ವರ್ಕ್‌ಷಾಪಿನ ದೀಪ ಹೊತ್ತಿಕೊಳ್ಳುತ್ತದೆ. ಗೋಡೆಯ ಹಲಗೆಯ ಮೇಲೆ ಅರಗಳು, ಸ್ಪ್ಯಾನರುಗಳು, ಹ್ಯಾಕ್‌ಸಾಗಳು. ಒಂದೊಂದರ ಹಿಂದೆಯೂ ಅದರದೇ ಆಕಾರದ ಬಣ್ಣ ಬಳಿದಿದೆ, ಯಾವುದು ಜಾಗದಲ್ಲಿಲ್ಲ ಎಂಬುದು ಬಾಗಿಲಿನಿಂದಲೇ ಕಾಣಬೇಕೆಂದು. ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್, ಒಂದು ಕಂಬದ ಡ್ರಿಲ್ಲು. ಲೇತ್‌ಗಳಲ್ಲಿ ಒಂದು ಮೈಫೋರ್ಡ್. ನಾಟಿಂಗ್‌ಹ್ಯಾಮಿನ ಬೀಸ್ಟನ್‌ನಲ್ಲಿ ತಯಾರಾಗುತ್ತಿದ್ದ ಈ ಲೇತ್ ಎಂದರೆ ಇಲ್ಲಿನ ಹವ್ಯಾಸಿಗಳಿಗೆ ಮನೆಯ ಸದಸ್ಯನಿದ್ದ ಹಾಗೆ. ಹಸಿರು ಬಣ್ಣ ಹಿಡಿಕೆಗಳ ಬಳಿ ಸವೆದು ಒಳಗಿನ ಬೀಡು ಕಬ್ಬಿಣ ಹೊಳೆಯುತ್ತಿದೆ.

ಅದರ ಮುಂದೆ ಹದಿನಾಲ್ಕರ ಹುಡುಗಿ. ಜಡೆಯನ್ನು ಸುತ್ತಿ ಟೋಪಿಯೊಳಗೆ ಸೇರಿಸಿದ್ದಾಳೆ, ತೋಳು ಮೊಣಕೈವರೆಗೆ ಮಡಿಚಿದೆ, ಕಣ್ಣಿಗೆ ರಕ್ಷಣೆಯ ಕನ್ನಡಕ. ಉಂಗುರ ಜೇಬಿನಲ್ಲಿ. ಕೈಗವಸು ಹಾಕಿಕೊಳ್ಳಲೇ ಎಂದು ಮೊದಲ ದಿನ ಕೇಳಿದ್ದಳು, ಎಲ್ಲರೂ ಕೇಳುತ್ತಾರೆ. ಲೇತ್‌ನಲ್ಲಿ ಕೈಗವಸು ಹಾಕಲೇಬಾರದು. ಬರಿಗೈ ಸೋಕಿದರೆ ಚರ್ಮ ಗೀರಿ ಹರಿಯಬಹುದು. ಬಟ್ಟೆಯ ಬೆರಳು ತಿರುಗುವ ಲೋಹದ ತುಂಡಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ರಕ್ಷಣೆ ಎಂದು ನಾವು ತಿಳಿದದ್ದೇ ಇಲ್ಲಿ ಅಪಾಯ. ಗೋಡೆಗೆ ಅಂಟಿಸಿದ ಚೀಟಿ ಓದಿ ಇಂಥದ್ದು ಮನಸ್ಸಿಗೆ ಇಳಿಯುವುದಿಲ್ಲ. ಪಕ್ಕದಲ್ಲಿ ನಿಂತ ಕಲಿಸುವವರು, ಕಾರಿನ ಕಾರ್ಖಾನೆಯಲ್ಲಿ ಜೀವಮಾನವಿಡೀ ಲೇತ್ ನಡೆಸುವ ಟರ್ನರ್ ಆಗಿದ್ದ ಹೆಂಗಸು, ಹಳೆಯ ಕೈಗವಸೊಂದನ್ನು ಒಂದು ಉದ್ದ ಕಡ್ಡಿಯ ತುದಿಗೆ ಸಿಕ್ಕಿಸಿ ಲೋಹದ ತುಂಡನ್ನು ಕಚ್ಚಿ ಹಿಡಿಯುವ ಚಕ್ಕು ನಿಧಾನವಾಗಿ ತಿರುಗುವಾಗ ಅದರ ಹಲ್ಲಿಗೆ ಸೋಕಿಸಿ ತೋರಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಕೈಗವಸು ಸುತ್ತಿಕೊಂಡಿತು, ಕಡ್ಡಿ ಮುರಿಯಿತು. ಹುಡುಗಿ ಆಮೇಲೆ ಆ ಪ್ರಶ್ನೆ ಕೇಳಲಿಲ್ಲ.

ಈಗ ಉಕ್ಕಿನ ಸಣ್ಣ ಸಲಾಕೆಯೊಂದನ್ನು ಚಕ್ಕಿಗೆ ಹಾಕಿ ಕೀಯಿಂದ ಬಿಗಿದಳು. ಕೈ ಸ್ವಿಚ್ಚಿನ ಕಡೆ ಹೋಯಿತು.

“ಚಕ್ ಕೀ ಎಲ್ಲಿದೆ?”

ಹುಡುಗಿ ಎಡಗೈ ಎತ್ತಿ ತೋರಿಸಿದಳು. ಕೀ ಅವಳ ಮುಷ್ಟಿಯಲ್ಲೇ ಇತ್ತು. ಅದನ್ನು ಗೋಡೆಯ ಹಲಗೆಯ ಜಾಗಕ್ಕೆ ತೂಗುಹಾಕಿ ಬಂದಳು. ಚಕ್ಕಿನಲ್ಲೇ ಮರೆತ ಕೀ, ಮೋಟಾರು ಶುರುವಾದ ಕೂಡಲೇ ಗುಂಡಿನ ಹಾಗೆ ಹಾರುತ್ತದೆ. ಬಿಗಿದ ಕೈ ಕೀಯನ್ನು ಬಿಡಬಾರದು. ಬಿಟ್ಟರೆ ಅದರ ಜಾಗದಲ್ಲೇ ಬಿಡಬೇಕು. ಈ ಪ್ರಶ್ನೆಯನ್ನು ಕಲಿಸುವವರು ಪ್ರತಿ ಸಲವೂ ಕೇಳುತ್ತಾರೆ, ಮೂವತ್ತು ವರ್ಷದ ಸದಸ್ಯರನ್ನೂ ಕೇಳುತ್ತಾರೆ. ಯಾರೂ ಸಿಡುಕುವುದಿಲ್ಲ.

ಲೇತ್ ತಿರುಗಿತು. ಟೂಲಿನ ತುದಿ ಸಲಾಕೆಯ ಮುಖಕ್ಕೆ ತಾಗಿದ ಕೂಡಲೇ ಸದ್ದು ಬದಲಾಯಿತು. ನೀಲಿಗಟ್ಟಿದ ಸುರುಳಿಯೊಂದು ಎದ್ದು ಉದ್ದವಾಯಿತು. ಹುಡುಗಿಯ ಬೆರಳು ಅರ್ಧ ಇಂಚು ಅತ್ತ ಸರಿಯಿತು. ತಟ್ಟನೆ ಹಿಂದಕ್ಕೆ ಬಂತು. ಯಂತ್ರ ನಿಲ್ಲಿಸಿ, ಕೊಕ್ಕೆ ತೆಗೆದುಕೊಂಡು ಸುರುಳಿಯನ್ನು ಎಳೆದು ತಟ್ಟೆಗೆ ಹಾಕಿದಳು. ಕಲಿಸುವವರು ಏನೂ ಹೇಳಲಿಲ್ಲ. ಅವರ ಕೈ ಮಾತ್ರ ಅಷ್ಟು ಹೊತ್ತೂ ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮೇಲೆಯೇ ಇತ್ತು.

ಈ ವರ್ಕ್‌ಷಾಪನ್ನು ಹೊರಗಿನವರಿಗೆ, ಅದರಲ್ಲೂ ಹದಿನೆಂಟು ತುಂಬದವರಿಗೆ ಮುಚ್ಚಿಬಿಡೋಣ ಎಂಬ ಮಾತು ಹೋದ ಚಳಿಗಾಲದ ಸಭೆಯಲ್ಲಿ ಬಂದಿತ್ತು. ವಿಮೆಯ ನವೀಕರಣದ ಕಾಗದ ಬಂದು ಅದರಲ್ಲಿ ಹತ್ತಾರು ಪ್ರಶ್ನೆಗಳಿದ್ದವು: ಯಾರು ಯಾವ ಯಂತ್ರ ಮುಟ್ಟುತ್ತಾರೆ, ಕಲಿತದ್ದಕ್ಕೆ ದಾಖಲೆ ಎಲ್ಲಿ, ಒಬ್ಬರೇ ಇರುವಾಗ ಏನು ಗತಿ. ನ್ಯಾಯವಾದ ಪ್ರಶ್ನೆಗಳೇ. ಖಜಾಂಚಿಗೆ ಮಾತ್ರ ಎಲ್ಲಕ್ಕೂ ಒಂದೇ ಉತ್ತರ ಸುಲಭವಾಗಿ ಕಂಡಿತು, ಬೀಗ. ಅವರನ್ನು ದೂರುವಂತಿಲ್ಲ. ಸಂಬಳವಿಲ್ಲದೆ ಸಂಘದ ಲೆಕ್ಕ ನೋಡುವ ಮನುಷ್ಯ, ಏನಾದರೂ ಆದರೆ ಮೊದಲು ಕರೆ ಬರುವುದು ಅವರಿಗೆ.

ಆ ಸಭೆಯಲ್ಲಿ ಯೇಲ್ ವಿಶ್ವವಿದ್ಯಾಲಯದ ಮಾತು ಬಂತು. 2011ರ ಏಪ್ರಿಲಿನ ಒಂದು ರಾತ್ರಿ, ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ಓದುತ್ತಿದ್ದ 22 ವರ್ಷದ ವಿದ್ಯಾರ್ಥಿನಿಯೊಬ್ಬಳು ಅಲ್ಲಿನ ಪ್ರಯೋಗಾಲಯ ಕಟ್ಟಡದ ನೆಲಮಾಳಿಗೆಯಲ್ಲಿ ಲೇತ್ ಮುಂದೆ ಒಬ್ಬಳೇ ಕೆಲಸ ಮಾಡುತ್ತಿದ್ದಳು. ತಲೆಗೂದಲು ತಿರುಗುವ ಭಾಗಕ್ಕೆ ಸಿಕ್ಕಿ ಜೀವ ಹೋಯಿತು. ಪದವಿಗೆ ಕೆಲವೇ ವಾರ ಬಾಕಿಯಿತ್ತು. ಯಂತ್ರಕ್ಕೆ ಇರಬೇಕಾದ ಕವಚ ಇರಲಿಲ್ಲ, ತುರ್ತಾಗಿ ನಿಲ್ಲಿಸುವ ಗುಂಡಿ ಇರಲಿಲ್ಲ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳಿತು. ವಿಶ್ವವಿದ್ಯಾಲಯ ಆ ವರದಿಯ ಎಲ್ಲವನ್ನೂ ಒಪ್ಪಲಿಲ್ಲ. ಓದುವಾಗ ಎದೆಗೆ ನಾಟುವುದು ಒಂದೇ ಮಾತು: ಒಬ್ಬಳೇ. ಪಕ್ಕದಲ್ಲಿ ಒಬ್ಬರಿದ್ದು, ಅವರ ಕೈ ಒಂದು ಗುಂಡಿಯ ಮೇಲಿದ್ದಿದ್ದರೆ!

ಖಜಾಂಚಿ ಇದನ್ನು ಮುಚ್ಚುವುದಕ್ಕೆ ಕಾರಣವಾಗಿ ಹೇಳಿದರು. ಆ ಟರ್ನರ್ ಹೆಂಗಸು ಎದ್ದು ನಿಂತು ಮುಂದಿನ ಭಾಗ ಹೇಳಿದರು. ಅದೇ ಯೇಲ್, ಮರುವರ್ಷ 2012ರಲ್ಲಿ, ಎಂಜಿನಿಯರಿಂಗ್ ವಿಭಾಗದವರಿಗಷ್ಟೇ ಅಲ್ಲದೆ ಯಾವ ವಿಭಾಗದ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ತೆರೆದ ದೊಡ್ಡದೊಂದು ವಿನ್ಯಾಸ ಕೇಂದ್ರವನ್ನು ಶುರುಮಾಡಿತು. ಸುರಕ್ಷತೆಯ ಪಾಠ ಮುಗಿಸಿ ಸದಸ್ಯರಾದರೆ ಸಾಕು, ಸಂಗೀತ ಓದುವವರೂ ಅಲ್ಲಿಗೆ ಬರಬಹುದು. ಆ ವಿದ್ಯಾರ್ಥಿನಿಯ ಸಾವಿಗೆ ಕೊಡಬಹುದಾದ ಮರ್ಯಾದೆ ಇದೇ ಎಂದು ನನಗೂ ಅನ್ನಿಸುತ್ತದೆ. ಅವಳು ಹಂಬಲಿಸಿ ರಾತ್ರಿ ಹೊತ್ತು ಹೋಗಿದ್ದ ಜಾಗವನ್ನು ಇನ್ನಷ್ಟು ಜನಕ್ಕೆ, ಇನ್ನಷ್ಟು ಎಚ್ಚರದಿಂದ ಕೊಡುವುದು.

ಸಭೆ ಕೇಳುತ್ತಾ ನನ್ನ ಮನಸ್ಸು ನಮ್ಮ ಕಡೆಗೆ ಹೋಗಿತ್ತು. ಊರಿಗೆ ಹೋದಾಗ ಒಂದು ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ನೋಡಿದ್ದೆ. 2016ರಿಂದ ಕೇಂದ್ರ ಸರ್ಕಾರ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಟ್ಟು, ಆರರಿಂದ ಹನ್ನೆರಡನೇ ತರಗತಿಯ ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎಂದು ಕಟ್ಟಿಸುತ್ತಿರುವ ಯೋಜನೆ. ಎಷ್ಟೋ ಕಡೆ ಮಕ್ಕಳು ಅದರಲ್ಲಿ ಬೆಳಗುತ್ತಿದ್ದಾರೆ. ನಾನು ನೋಡಿದ ಕಡೆ ಡ್ರಿಲ್ಲೂ ಸೋಲ್ಡರಿಂಗ್ ಐರನ್ನೂ ಗಾಜಿನ ಬೀರುವಿನಲ್ಲಿದ್ದವು, ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಬೀಗದ ಕೈ ಹೆಡ್‌ಮೇಷ್ಟರ ಬಳಿ. “ಏನಾದ್ರೂ ಆದ್ರೆ ಯಾರು ಸಾರ್ ಜವಾಬ್ದಾರಿ?” ಎಂದು ಅಲ್ಲಿನ ಮೇಷ್ಟ್ರು ಕೇಳಿದ್ದು ಉಡಾಫೆಯ ಮಾತಲ್ಲ. ಅವರಿಗೆ ಯಾರೂ ಕಲಿಸಿರಲಿಲ್ಲ, ಪಕ್ಕದಲ್ಲಿ ನಿಲ್ಲಲು ಯಾರನ್ನೂ ಕೊಟ್ಟಿರಲಿಲ್ಲ. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಿಂದ ನಿವೃತ್ತರಾದ ಒಬ್ಬ ಫಿಟ್ಟರ್ ವಾರಕ್ಕೊಂದು ಮಧ್ಯಾಹ್ನ ಬಂದು ಕೂತರೆ ಆ ಬೀರು ತೆರೆದುಕೊಳ್ಳುತ್ತದೆ. ಇದೇನು ಹೊಸ ವಿಚಾರವೂ ಅಲ್ಲ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 23ನೇ ಸೆಕ್ಷನ್ ಅಪಾಯದ ಯಂತ್ರಗಳ ಮುಂದೆ ಎಳೆಯ ಕೆಲಸಗಾರರನ್ನು ನಿಲ್ಲಿಸುವುದರ ಬಗ್ಗೆಯೇ ಇತ್ತು. ಅಪಾಯವನ್ನೂ ಎಚ್ಚರಿಕೆಯನ್ನೂ ಪೂರ್ತಿ ತಿಳಿಸಿರಬೇಕು, ಜೊತೆಗೆ ಸಾಕಷ್ಟು ತರಬೇತಿ ಆಗಿರಬೇಕು, ಇಲ್ಲವೇ ಆ ಯಂತ್ರವನ್ನು ಚೆನ್ನಾಗಿ ಬಲ್ಲವರ ಕಣ್ಣಳತೆಯಲ್ಲಿ ಇರಬೇಕು ಎಂದಿತ್ತು. ದುಡಿಮೆಗಾಗಿ ಬರೆದ ಕಾನೂನು, ಆದರೆ ಯೋಚನೆ ಎಷ್ಟು ನೇರ! ಕಲಿಸು, ಇಲ್ಲವೇ ಜೊತೆಗೆ ನಿಲ್ಲು.

ಸಭೆ ಬಹಳ ಹೊತ್ತು ನಡೆಯಿತು. ಟೀ ಎರಡು ಸಲ ಆಯಿತು. ಕೊನೆಗೆ ಬೀಗದ ಪ್ರಸ್ತಾಪ ಬಿತ್ತು. ಅದರ ಬದಲು ಬಂದದ್ದು ಗೋಡೆಯ ಮೇಲಿನ ಒಂದು ದೊಡ್ಡ ಪಟ್ಟಿ: ಎಡಗಡೆ ಹೆಸರುಗಳು, ಮೇಲ್ಗಡೆ ಯಂತ್ರಗಳು. ಒಂದು ಯಂತ್ರವನ್ನು ಕಲಿತು, ಕಲಿಸುವವರ ಮುಂದೆ ಮಾಡಿ ತೋರಿಸಿದ ಮೇಲೆ ಆ ಚೌಕದಲ್ಲಿ ಇಬ್ಬರ ಸಹಿ. ಅರ, ಹ್ಯಾಕ್‌ಸಾ, ವೈಸು ಬಂದವರಿಗೆಲ್ಲ ಮೊದಲ ದಿನವೇ. ತಿರುಗುವ ಯಾವ ಯಂತ್ರದ ಮುಂದೆಯೂ ಯಾರೂ ಒಂಟಿಯಾಗಿ ಇರುವಂತಿಲ್ಲ, ಅಧ್ಯಕ್ಷರೂ ಕೂಡ. ಮಕ್ಕಳಿದ್ದಾಗ ಪೊಲೀಸ್ ದಾಖಲೆಗಳ ತಪಾಸಣೆ ಆಗಿರುವ ಇಬ್ಬರು ದೊಡ್ಡವರು ಇರಲೇಬೇಕು. ಎರಡು ಲೇತ್‌ಗೂ ಮೊಣಕಾಲಿನಿಂದ ಒತ್ತಬಹುದಾದ ನಿಲುಗುಂಡಿ ಕೂರಿಸುವುದು, ಕಟ್ಟಿಗೆಯ ಬಾಗಿಲು ತೆಗೆದು ಗಾಜಿನದು ಹಾಕುವುದು, ಒಳಗೆ ಏನಾಗುತ್ತಿದೆ ಎಂದು ಹೊರಗಿನಿಂದಲೇ ಕಾಣಲಿ ಎಂದು. ಗಾಜಿನ ಬಾಗಿಲಿನ ದುಡ್ಡನ್ನು ಭಾನುವಾರದ ಟಿಕೆಟ್ಟಿನಿಂದ ಹೊಂದಿಸುವುದು ಹೇಗೆಂದು ಲೆಕ್ಕ ಹಾಕಿ ಕೊಟ್ಟವರು ಅದೇ ಖಜಾಂಚಿ.

ವಿಮೆಯವರು ಪಟ್ಟಿ ನೋಡಿ ಒಪ್ಪಿದರು. ಉಳಿದಿರುವ ತೊಡಕು ಕಾನೂನಿನದಲ್ಲ, ಜನರದು. ಗುರುವಾರ ಇಬ್ಬರು ಬಲ್ಲವರು ಬಾರದಿದ್ದರೆ ಯಂತ್ರಗಳ ಮೇನ್ ಸ್ವಿಚ್ ಆನ್ ಆಗುವುದಿಲ್ಲ, ಬಂದ ಮಕ್ಕಳು ಬರೀ ಅರ ಹಿಡಿದು ಹೋಗಬೇಕು. ಟರ್ನರ್ ಹೆಂಗಸಿಗೆ ಮಂಡಿಯ ಆಪರೇಷನ್ ಆಗಬೇಕಿದೆ, ಚಳಿಗಾಲ ಪೂರ್ತಿ ಬರಲಾಗುವುದಿಲ್ಲ. ಅವರ ಜಾಗಕ್ಕೆ ನಿಲ್ಲುವವರು ಬೇಕೆಂದು ಕಾರ್ಯದರ್ಶಿ ನೋಟೀಸ್ ಹಾಕಿದ್ದಾರೆ. ಅಂಚೆಯವರು ಹೆಸರು ಕೊಟ್ಟಿದ್ದಾರೆ. ನಾನೂ ಕೊಟ್ಟಿದ್ದೇನೆ, ಸದ್ಯಕ್ಕೆ ಕಂಬದ ಡ್ರಿಲ್ಲಿಗೆ. ಲೇತ್‌ನ ಚೌಕದಲ್ಲಿ ನನ್ನ ಹೆಸರಿನ ಮುಂದೆ ಒಂದು ಸಹಿ ಬಿದ್ದಿದೆ, ಇನ್ನೊಂದು ಬರುವ ಗುರುವಾರ. ಆ ಹದಿನಾಲ್ಕರ ಹುಡುಗಿಯ ಮುಂದೆ ಎರಡೂ ಇವೆ.